ಹೊಟ್ಟೆಗೆ ಯಾವುದು ಒಳ್ಳೇದು: ಇಸಬ್ಗೋಲಾ, ಅಂಬಲಿನಾ, ಮಜ್ಜಿಗೆನಾ, ತ್ರಿಫಲಾನಾ?

ಹೋದ ತಿಂಗಳು ಹಾಸನದಿಂದ ನಮ್ಮ ಚಿಕ್ಕಮ್ಮ ಫೋನ್ ಮಾಡಿ ಒಂದೇ ಉಸಿರಲ್ಲಿ ನಾಲ್ಕು ಹೆಸರು ಹೇಳಿದ್ರು. ಪಕ್ಕದ ಮನೆಯವ್ರು ಇಸಬ್ಗೋಲ್ ತಗೊಳ್ಳಿ ಅಂದ್ರಂತೆ, ಅವರ ತಮ್ಮ ತ್ರಿಫಲಾ ಅಂದ್ನಂತೆ, ಸೊಸೆ ಮೊಬೈಲ್ ನೋಡಿ ಬೆಳಿಗ್ಗೆ ಜೀರಿಗೆ ನೀರು ಕುಡೀರಿ ಅಂತಾಳೆ, ಮೆಡಿಕಲ್ ಶಾಪ್‌ನವ್ನು ಒಂದು ಚೂರ್ಣದ ಡಬ್ಬಿ ಕೊಟ್ಟು ಕಳ್ಸಿದಾನೆ, ಈಗ ಇದ್ರಲ್ಲಿ ಯಾವುದು ಕಣೇ ಒಳ್ಳೇದು, ನೀನು ಓದ್ತಿರ್ತೀಯಲ್ಲ ನೀನೇ ಹೇಳು ಅಂತ. ನಿಮಗೆ ಆಗ್ತಿರೋದಾದ್ರೂ ಏನು ಚಿಕ್ಕಮ್ಮ ಅಂದೆ. "ಅದೇ, ಹೊಟ್ಟೆ ಸರಿ ಇಲ್ಲ" ಅಂದ್ರು.

ಹೊಟ್ಟೆ ಸರಿ ಇಲ್ಲ ಅನ್ನೋ ಮಾತಲ್ಲೇ ಇರೋದು ಎಲ್ಲಾ ಗೊಂದಲ. ಒಬ್ರಿಗೆ ಮೂರು ದಿನ ಆದ್ರೂ ಕಕ್ಕಸಿಗೆ ಆಗಿರಲ್ಲ, ಇನ್ನೊಬ್ರಿಗೆ ಊಟ ಆದ ಅರ್ಧ ಗಂಟೆಗೆ ಹೊಟ್ಟೆ ಡೋಲು ಥರ ಉಬ್ಬತ್ತೆ, ಮತ್ತೊಬ್ರಿಗೆ ರಾತ್ರಿ ಮಲಗಿದ್ರೆ ಹುಳಿತೇಗು ಬಂದು ಎದೆ ಉರಿಯತ್ತೆ, ಕೆಲವರಿಗೆ ದಿನಾ ನಾಲ್ಕು ಸಲ ನೀರು ನೀರಾಗಿ ಹೋಗತ್ತೆ, ಇವರೆಲ್ಲರೂ ಹೇಳೋದು ಇದೇ ಮಾತು. ಇವರ ಮುಂದೆ ಇರೋ ಇಸಬ್ಗೋಲು, ಅಂಬಲಿ, ಮಜ್ಜಿಗೆ, ಜೀರಿಗೆ, ತ್ರಿಫಲಾ ಎಲ್ಲಾ ಒಂದೇ ಕೆಲಸ ಮಾಡೋ ವಸ್ತುಗಳೂ ಅಲ್ಲ. ಒಂದು ಮಲಕ್ಕೆ ಗಾತ್ರ ಕೊಡತ್ತೆ, ಒಂದು ಹೊಟ್ಟೆ ತಂಪಾಗಿ ಇಡತ್ತೆ, ಒಂದು ಗಾಳಿ ಇಳಿಸತ್ತೆ, ಒಂದು ಕರುಳನ್ನ ದೂಡಿ ಹೊರಗೆ ಹಾಕತ್ತೆ. ನಾರಿನಂಶ ಬೇಕಾದವ್ರು ಭೇದಿ ಪುಡಿ ನುಂಗ್ತಾರೆ, ಊಟದ ಟೈಮ್ ಬದಲಾಯಿಸ್ಬೇಕಾದವ್ರು ಜೀರಿಗೆ ನೀರು ಕುಡೀತಾರೆ, ಆಮೇಲೆ ಯಾವುದೂ ನಂಗೆ ಹಿಡಿಸ್ಲಿಲ್ಲ ಅಂತಾರೆ. ಅದಕ್ಕೆ ಕೂತು ಎಲ್ಲಾನೂ ಪಕ್ಕಪಕ್ಕ ಇಟ್ಟು ಬರೀತಾ ಇದೀನಿ.

ಆರಿಸೋಕೆ ಮುಂಚೆ ಏನು ನೋಡ್ಬೇಕು

ಮೊದಲನೇದು, ಇದು ಅಡುಗೆಮನೆಲಿ ಮುಗಿಯೋ ವಿಷಯನಾ ಇಲ್ಲಾ ಡಾಕ್ಟರ ಹತ್ರ ಹೋಗೋದಾ. ಮಲದಲ್ಲಿ ರಕ್ತ ಬಂದ್ರೆ, ಟಾರ್ ಥರ ಕಪ್ಪಗೆ ಹೋದ್ರೆ, ಪ್ರಯತ್ನ ಪಡದೇ ತೂಕ ಇಳೀತಿದ್ರೆ, ನುಂಗೋಕೆ ಕಷ್ಟ ಆದ್ರೆ, ರಕ್ತ ಕಡಿಮೆ ಇದೆ ಅಂತ ರಿಪೋರ್ಟ್ ಬಂದಿದ್ರೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಅಷ್ಟು ನೋವಿದ್ರೆ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿದ್ರೆ, ಇಲ್ಲಾ 45-50 ದಾಟಿದ ಮೇಲೆ ಇದ್ದಕ್ಕಿದ್ದಂಗೆ ಕಕ್ಕಸಿಗೆ ಹೋಗೋ ಅಭ್ಯಾಸ ಬದಲಾಗಿದ್ರೆ, ಈ ಬರಹ ಪಕ್ಕಕ್ಕಿಟ್ಟು ಡಾಕ್ಟರ ಹತ್ರ ಹೋಗಿ. ಇನ್ನೊಂದು, ಎದೆ ಹಿಂಡಿದಂಗೆ ಆಗಿ ಬೆವರು ಬಂದು ಎಡಗೈಗೋ ದವಡೆಗೋ ನೋವು ಹರಿದ್ರೆ ಅದನ್ನ ಗ್ಯಾಸ್ ಅಂದ್ಕೊಂಡು ಸೋಡಾ ಕುಡಿದು ಕೂರ್ಬೇಡಿ, ಅದು ಹಾರ್ಟ್ ಇರಬಹುದು, ಶುಗರ್ ಇರೋರಿಗೂ ಹೆಂಗಸರಿಗೂ ಎಷ್ಟೋ ಸಲ ಬರೀ ಹೊಟ್ಟೆ ತೊಳೆಸಿದ ಹಾಗೆ ಅಷ್ಟೇ ಅನ್ಸತ್ತೆ.

ಎರಡನೇದು, ನಿಮ್ಮ ತೊಂದರೆ ಮೇಲೆ ಹೇಳಿದ ನಾಲ್ಕರಲ್ಲಿ ಯಾವುದು. ಮಲದ ವಿಷಯ ಮಾತಾಡೋಕೆ ನಾಚಿಕೆ ಪಡ್ತೀವಿ, ಆದ್ರೆ ನೋಡದೇ ಗೊತ್ತಾಗಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಡಾಕ್ಟರುಗಳು 1990ರ ದಶಕದಲ್ಲಿ ಒಂದು ಚಾರ್ಟ್ ಮಾಡಿದ್ರು, ಅದ್ರಲ್ಲಿ 7 ತರ ಇದೆ: 1 ಮತ್ತು 2 ಅಂದ್ರೆ ಆಡಿನ ಹಿಕ್ಕೆ ಥರ ಗಟ್ಟಿ, 3 ಮತ್ತು 4 ಅಂದ್ರೆ ಬಾಳೆಹಣ್ಣಿನ ಥರ ಸಲೀಸು, ಅದರ ಮೇಲಿನದ್ದು ಮೆತ್ತಗೆ, ನೀರು. ಇವತ್ತಿಗೂ ಡಾಕ್ಟರುಗಳು ಇದನ್ನೇ ಬಳಸ್ತಾರೆ. ದಿನಾ ಒಂದು ಸಲ ಹೋಗ್ಲೇಬೇಕು ಅಂತೇನೂ ಇಲ್ಲ, ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಎಲ್ಲಾ ನಾರ್ಮಲ್ಲೇ, ತಿಣುಕದೇ ಆಗ್ಬೇಕು ಅಷ್ಟೇ.

ಆಮೇಲೆ ಉಳಿದವು: ಎಷ್ಟು ಹೊತ್ತಿಗೆ ಕೆಲಸ ಮಾಡತ್ತೆ, ವರ್ಷಾನುಗಟ್ಟಲೆ ತಗೋಬಹುದಾ, ಖರ್ಚೆಷ್ಟು, ದಿನಾ ಮಾಡೋಕೆ ನಿಮ್ಮ ಕೈಲಿ ಆಗತ್ತಾ, ಮತ್ತೆ ಶುಗರು, ಬಿಪಿ, ಕಿಡ್ನಿ, ಬಸುರಿ, ದಿನದ ಮಾತ್ರೆ ಇವುಕ್ಕೆ ಹೊಂದತ್ತಾ. ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಎಷ್ಟೋ ಸಲ ಮಲಬದ್ಧತೆ ತರೋದೇ ಮಾತ್ರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್ಪು, ಎಲ್ಲಾ ಗಟ್ಟಿ ಮಾಡ್ತವೆ. ಥೈರಾಯ್ಡ್ ಕಡಿಮೆ ಇದ್ರೂ ಹಾಗೇ.

ಇಸಬ್ಗೋಲ್

ಇದು ಔಷಧಿ ಅಂತ ತುಂಬಾ ಜನ ಹೆದರ್ತಾರೆ, ಆದ್ರೆ ಇದು ಒಂದು ಬೀಜದ ಮೇಲಿನ ಹೊಟ್ಟು ಅಷ್ಟೇ. ಗುಜರಾತ್, ರಾಜಸ್ಥಾನದ ಕಡೆ ಬೆಳೀತಾರೆ, ಇಡೀ ಪ್ರಪಂಚಕ್ಕೆ ಹೆಚ್ಚಾಗಿ ಹೋಗೋದು ನಮ್ಮ ದೇಶದಿಂದಾನೇ. ನೀರಿಗೆ ಹಾಕಿದ್ರೆ ಉಬ್ಬಿ ಲೋಳೆ ಆಗತ್ತೆ, ಹೊಟ್ಟೆ ಒಳಗೂ ಅದೇ ಮಾಡತ್ತೆ, ನೀರು ಹಿಡಿದಿಟ್ಕೊಂಡು ಮಲಕ್ಕೆ ಗಾತ್ರ, ಮೆದು ಎರಡೂ ಕೊಡತ್ತೆ. ಇದರ ವಿಶೇಷ ಏನಂದ್ರೆ ಗಟ್ಟಿ ಇದ್ರೆ ಮೆತ್ತಗೆ ಮಾಡತ್ತೆ, ನೀರಾಗಿದ್ರೆ ಕಟ್ಟತ್ತೆ, ಎರಡೂ ಕಡೆಗೆ ಆಗತ್ತೆ, ಜೊತೆಗೆ ಕೆಟ್ಟ ಕೊಲೆಸ್ಟ್ರಾಲೂ ಸ್ವಲ್ಪ ಇಳಿಸತ್ತೆ, ಊಟ ಆದ ಮೇಲೆ ಶುಗರ್ ಏರೋದನ್ನೂ ನಿಧಾನ ಮಾಡತ್ತೆ. ಅಭ್ಯಾಸ ಆಗಿ ಬಿಡಕ್ಕಾಗಲ್ಲ ಅನ್ನೋ ಭಯ ಇದಕ್ಕೆ ಬೇಡ.

ತೊಂದರೆ ಇರೋದು ತಗೊಳ್ಳೋ ರೀತಿಯಲ್ಲಿ. ಎರಡು ಟೀ ಚಮಚಕ್ಕೆ ಒಂದು ದೊಡ್ಡ ಲೋಟ, 240 ಎಂಎಲ್ ನೀರು ಬೇಕು, ಕಲಸಿದ ತಕ್ಷಣ ಕುಡೀಬೇಕು, ಮೇಲೆ ಇನ್ನೊಂದು ಅರ್ಧ ಲೋಟ ನೀರು. ಒಣ ಪುಡಿ ಬಾಯಿಗೆ ಹಾಕ್ಕೊಂಡು ಒಂದು ಗುಟುಕು ನೀರು ಕುಡಿದ್ರೆ ಗಂಟಲಲ್ಲೇ ಉಬ್ಬಿ ಸಿಕ್ಕಾಕೊಳ್ಳೋ ಅಪಾಯ ಇದೆ, ನುಂಗೋಕೆ ಕಷ್ಟ ಇರೋ ವಯಸ್ಸಾದವ್ರಿಗೆ ದಯವಿಟ್ಟು ಕೊಡ್ಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ 2 ಗಂಟೆ ಅಂತರ ಇರ್ಲಿ, ಇಲ್ಲಾಂದ್ರೆ ಮಾತ್ರೆ ಮೈಗೆ ಹತ್ತೋದು ಕಡಿಮೆ ಆಗತ್ತೆ. ಇವತ್ತು ತಗೊಂಡು ನಾಳೆ ಬೆಳಿಗ್ಗೆ ಆಗ್ಲಿಲ್ಲ ಅಂತ ಬಿಡೋರು ಜಾಸ್ತಿ, ಇದಕ್ಕೆ 12 ಗಂಟೆಯಿಂದ 3 ದಿನ ಬೇಕು. ನಾನು ನೋಡ್ದಂಗೆ ದಿನಕ್ಕೆ ಹತ್ತು ರೂಪಾಯಿ ಆಸುಪಾಸು ಬೀಳತ್ತೆ. ಕಿತ್ತಳೆ ಫ್ಲೇವರ್ ಇರೋ ಕೆಲವುದ್ರಲ್ಲಿ ಸಕ್ಕರೆ ಇರತ್ತೆ, ಶುಗರ್ ಇರೋರು ಬಿಳಿ ಸಾದಾ ಹೊಟ್ಟೇ ತಗೊಳ್ಳಿ.

ರಾಗಿ, ಜೋಳ, ಹಣ್ಣು: ಊಟದಲ್ಲೇ ನಾರು

ನಂಗೆ ತುಂಬಾ ಹೇಳೋಕಿರೋದು ಇದರ ಬಗ್ಗೆನೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ನಮ್ಮ ಆಹಾರಗಳ ಅಳತೆ ಪಟ್ಟಿ ತಂದಿದೆ. ಅದ್ರ ಪ್ರಕಾರ 100 ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರು, ಜೋಳದಲ್ಲಿ 10, ಪಾಲಿಶ್ ಅಕ್ಕೀಲಿ 3ರ ಒಳಗೆ. ದಿನಕ್ಕೆ ದೊಡ್ಡವ್ರಿಗೆ ಬೇಕಾಗಿರೋದು 25ರಿಂದ 30 ಗ್ರಾಂ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ಪಲ್ಯ ಅಂತ ತಟ್ಟೆ ಮೂಲೇಲಿ ಎರಡು ಚಮಚ, ಇಷ್ಟೇ ತಿನ್ನೋ ಮನೇಲಿ ಅದರ ಅರ್ಧಾನೂ ಆಗಲ್ಲ.

ಈಗ ಅಂಬಲಿ ವಿಷಯ. ಅಂಬಲಿ ಕುಡಿದ್ರೆ ನಾರು ಸಿಗತ್ತೆ ಅಂತ ಎಲ್ಲರೂ ಹೇಳ್ತಾರೆ, ಲೆಕ್ಕ ಹಾಕಿ ನೋಡಿ. ಒಂದು ಲೋಟ ಅಂಬಲಿಗೆ ಹಾಕೋದು ಎರಡು ಚಮಚ ಹಿಟ್ಟು, 20 ಗ್ರಾಂ ಅಂದ್ಕೊಳ್ಳಿ, ಸಿಗೋ ನಾರು 2 ಗ್ರಾಂ, ಹಿಟ್ಟನ್ನ ಬಟ್ಟೇಲಿ ಜರಡಿ ಹಿಡಿದಿದ್ರೆ ಅಷ್ಟೂ ಇಲ್ಲ. ಅದೇ ಒಂದು ಮುದ್ದೆಗೆ 80-100 ಗ್ರಾಂ ಹಿಟ್ಟು ಬೀಳತ್ತೆ, 8ರಿಂದ 11 ಗ್ರಾಂ ನಾರು. ಹಾಗಂತ ಅಂಬಲಿ ದಂಡ ಅಂತಲ್ಲ. ರಾತ್ರಿ ರಾಗಿ ಹಿಟ್ಟು ನೆನೆಸಿಟ್ಟು ಹುಳಿ ಬರಿಸಿ, ಬೆಳಿಗ್ಗೆ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿದ್ರೆ ನೀರು ಹೋಗತ್ತೆ, ಹೊಟ್ಟೆ ಹಗುರ ಇರತ್ತೆ, ಬೇಸಿಗೇಲಂತೂ ಅದರ ಸುಖಾನೇ ಬೇರೆ. ಜ್ವರದಿಂದ ಎದ್ದೋರಿಗೆ, ಬೆಳಿಗ್ಗೆ ಏನೂ ಸೇರದೇ ಇರೋರಿಗೆ ಇದು ಸರಿ. ಮಲಬದ್ಧತೆಗೆ ಮಾತ್ರ ಮುದ್ದೆ ಬೇಕು, ಜೊತೆಗೆ ಸೊಪ್ಪಿನ ಸಾರೋ ಬಸ್ಸಾರೋ, ಅದ್ರಲ್ಲಿ ಬರೋ ಕಾಳು ಸೊಪ್ಪಿನ ಪಲ್ಯಾನೂ. ಶುಗರ್ ಇರೋರು ಒಂದು ತಿಳ್ಕೊಳ್ಳಿ, ರಾಗಿ ಅಂದ ಮಾತ್ರಕ್ಕೆ ಶುಗರ್ ಏರಲ್ಲ ಅಂತಲ್ಲ, ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಏರಿಸತ್ತೆ, ಅದಕ್ಕಿಂತ ಕಾಳು ಸೊಪ್ಪಿನ ಜೊತೆ ತಿಂದ ಸಣ್ಣ ಮುದ್ದೆ ವಾಸಿ.

ನಮ್ಮತ್ತೆ ಮನೆ ಧಾರವಾಡದ ಕಡೆ. ಮದುವೆ ಆದ ಹೊಸದ್ರಲ್ಲಿ ಅಲ್ಲಿ ಊಟಕ್ಕೆ ಕೂತಾಗ ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಪಕ್ಕಕ್ಕೆ ಹಸಿ ಮೂಲಂಗಿ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಮೇಲೆ ಅಗಸಿ ಹಿಂಡಿ ನೋಡಿ ಇದೇನಪ್ಪ ಸೊಪ್ಪು ಹಸೀದೇ ತಿಂತಾರೆ ಅಂದ್ಕೊಂಡಿದ್ದೆ. ಈಗ ಲೆಕ್ಕ ಗೊತ್ತಾದ ಮೇಲೆ ಅನ್ಸತ್ತೆ, ಆ ಒಂದು ತಟ್ಟೇಲಿ 15 ಗ್ರಾಂ ನಾರು ಹತ್ರ ಹತ್ರ ಇರತ್ತೆ, ಯಾವ ಪುಡೀನೂ ಬೇಡ. ಅಗಸೆ ಬೀಜ ಇಡಿಯಾಗಿ ನುಂಗಿದ್ರೆ ಹಾಗೇ ಹೊರಗೆ ಹೋಗತ್ತೆ, ಹುರಿದು ಕುಟ್ಟಿದ್ರೇನೇ ಮೈಗೆ ಹತ್ತೋದು, ಅವರು ಹಿಂಡಿ ಮಾಡೋದು ಅದಕ್ಕೇ ಸರಿ ಹೋಯ್ತು. ಬೆಂಗಳೂರಲ್ಲಿ ದಿನಾ ರೊಟ್ಟಿ ಬಡಿಯೋಕೆ ನಮ್ಮ ಕೈಲಿ ಆಗಲ್ಲ ಅನ್ನೋರು ಖಾನಾವಳಿಯಿಂದ ಖಡಕ್ ರೊಟ್ಟಿ ಕಟ್ಟು ತಂದಿಟ್ಕೋಬಹುದು, ತಿಂಗಳಾದ್ರೂ ಕೆಡಲ್ಲ, ಆದ್ರೆ ಒಣ ರೊಟ್ಟಿ ತಿಂದ್ರೆ ನೀರು ಜಾಸ್ತಿ ಕುಡೀಬೇಕು.

ಅಡುಗೆ ಮಾಡೋಕೇ ಆಗದೇ ಇರೋರಿಗೆ, ಪಿಜಿಲಿ ಹಾಸ್ಟೆಲಲ್ಲಿ ಇರೋ ಮಕ್ಕಳಿಗೆ ನಾನು ಹೇಳೋದು ಸೀಬೆಹಣ್ಣು. 100 ಗ್ರಾಂ ಸೀಬೇಲಿ 5ರಿಂದ 8 ಗ್ರಾಂ ನಾರಿದೆ, ಎರಡು ಟೀ ಚಮಚ ಇಸಬ್ಗೋಲಲ್ಲಿ ಇರೋದು 4 ಗ್ರಾಂ ಆಸುಪಾಸು. ಒಂದು ಹಣ್ಣು ಸಿಪ್ಪೆ ಸಮೇತ ತಿಂದ್ರೆ ಒಂದು ಡೋಸ್ ಮೇಲೇನೇ ಆಯ್ತು. ಬಾಳೆಹಣ್ಣು ಪಪ್ಪಾಯಿ ಎರಡೂ ಮೆತ್ತಗಿದ್ದು ಸಲೀಸು ಮಾಡ್ತವೆ ನಿಜ, ನಾರಿನ ಲೆಕ್ಕದಲ್ಲಿ ಸೀಬೆ ಹತ್ರಾನೂ ಬರಲ್ಲ. ಬಸುರಿ ಹೆಂಗಸರು ಕಾಯಿ ಪಪ್ಪಾಯಿ ಬಿಡಿ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸ್ಕೊಂಡಿರೋರು ಹಣ್ಣಿನ ವಿಷಯ ಡಾಕ್ಟರನ್ನೇ ಕೇಳಿ.

ಇವತ್ತು ಓದಿದ್ರಿ ಅಂತ ನಾಳೆನೇ ಮುದ್ದೆ, ಸೀಬೆ, ಕಾಳು ಎಲ್ಲಾ ಒಟ್ಟಿಗೆ ಶುರು ಮಾಡ್ಬೇಡಿ. ಹೊಟ್ಟೆ ಉಬ್ಬಿ ಗಾಳಿ ತುಂಬ್ಕೊಂಡು, ಇದೆಲ್ಲಾ ನಂಗೆ ಆಗಲ್ಲ ಅಂತ ಬಿಟ್ಬಿಡ್ತೀರ. ವಾರಕ್ಕೊಂದು ಸೇರಿಸಿ, ನೀರೂ ಅದಕ್ಕೆ ತಕ್ಕಂಗೆ ಏರಿಸಿ.

ಮಜ್ಜಿಗೆ

ಮಜ್ಜಿಗೆಗೆ ನಾರು ಸೊನ್ನೆ. ಇದು ಕೇಳಿದ್ರೆ ನಮ್ಮಮ್ಮನಿಗೇ ಬೇಜಾರಾಯ್ತು, ಆದ್ರೆ ಇದು ನಿಜ, ಬರೀ ಮಜ್ಜಿಗೆ ಕುಡಿದು ಮಲಬದ್ಧತೆ ಹೋಗ್ಲಿ ಅಂತ ಕಾಯ್ಬೇಡಿ. ಮಜ್ಜಿಗೆ ಕೊಡೋದು ಬೇರೆ: ಹೊಟ್ಟೆಗೆ ನೀರು, ಸ್ವಲ್ಪ ಪ್ರೋಟೀನು, ಜೀವಂತ ಬ್ಯಾಕ್ಟೀರಿಯಾ. ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು ಅನ್ನೋರು ನಮ್ಮಲ್ಲಿ ಬಹಳ ಜನ, ಹಾಲಿನ ಸಕ್ಕರೆ ದೊಡ್ಡವ್ರಾದ ಮೇಲೆ ಅರಗಲ್ಲ. ಹೆಪ್ಪಾಗುವಾಗ ಆ ಸಕ್ಕರೇನ ಬ್ಯಾಕ್ಟೀರಿಯಾ ಸ್ವಲ್ಪ ತಿಂದಿರತ್ತೆ, ಉಳಿದಿದ್ದನ್ನ ಅರಗಿಸೋಕೂ ಸಹಾಯ ಮಾಡತ್ತೆ, ಅದಕ್ಕೇ ಅಂತೋರಿಗೂ ಮಜ್ಜಿಗೆ ಒಗ್ಗತ್ತೆ. ಮಜ್ಜಿಗೆ ಹುಳಿ ಮಾಡಿ ಕುದಿಸಿದ್ರೆ ಬ್ಯಾಕ್ಟೀರಿಯಾ ಉಳಿಯಲ್ಲ, ಫ್ರಿಜ್ ಇಲ್ಲದೇ ತಿಂಗಳುಗಟ್ಟಲೆ ಇಡಬಹುದಾದ ಡಬ್ಬಿ ಮಜ್ಜಿಗೇಲೂ ಹಾಗೇ, ಅದನ್ನ ಬಿಸಿ ಮಾಡಿ ತುಂಬಿರ್ತಾರೆ. ಬ್ಯಾಕ್ಟೀರಿಯಾ ಬೇಕು ಅಂದ್ರೆ ಮನೇಲಿ ಕಡೆದಿದ್ದು, ಹಸೀದು.

ಬಿಪಿ ಇರೋರು ಉಪ್ಪು ಬಿಟ್ಟು ಕುಡೀರಿ, ಶುಂಠಿ ಕರಿಬೇವು ಜಜ್ಜಿ ಹಾಕಿದ್ರೆ ಉಪ್ಪಿಲ್ಲ ಅನ್ನೋದು ಗೊತ್ತೇ ಆಗಲ್ಲ. ಮಧ್ಯಾಹ್ನದ ಊಟಕ್ಕೆ ಒಳ್ಳೇದು. ಅಂಗಡೀಲಿ ಸಿಗೋ ಪ್ರೋಬಯಾಟಿಕ್ ಪುಟ್ಟ ಬಾಟ್ಲಿಗಳಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಅಳತೆ ಇರತ್ತೆ, ಮನೆ ಮೊಸರಲ್ಲಿ ಅದು ಗೊತ್ತಾಗಲ್ಲ, ಅಷ್ಟು ಮಟ್ಟಿಗೆ ಅದು ಮೇಲು, ಆದ್ರೆ ಸಕ್ಕರೇನೂ ಇರತ್ತೆ, ಮನೆಮಂದಿಗೆಲ್ಲಾ ದಿನಾ ಅಂದ್ರೆ ಜೇಬಿಗೂ ಭಾರ. ನಂಗೆ ಮನೆ ಮಜ್ಜಿಗೇನೇ ಸಾಕು ಅನ್ಸತ್ತೆ.

ಜೀರಿಗೆ, ಓಮ, ಇಂಗು, ತಂಬುಳಿ

ಇವು ಗಾಳಿ ಇಳಿಸೋ ಗುಂಪು. ಕರುಳಿನ ಬಿಗಿ ಸಡಿಲ ಮಾಡಿ ಗ್ಯಾಸ್ ಹೊರಗೆ ಹೋಗೋಕೆ ದಾರಿ ಮಾಡ್ತವೆ. ಅರ್ಧ ಗಂಟೆ ಒಂದು ಗಂಟೇಲಿ ಹಾಯೆನ್ಸತ್ತೆ, ಹತ್ತು ಪೈಸೆ ಖರ್ಚು, ಆದ್ರೆ ಬೇರು ಅಲ್ಲೇ ಇರತ್ತೆ. ದಿನಾ ಉಬ್ಬರ ಅಂದ್ರೆ ಯಾವುದ್ರಿಂದ ಉಬ್ಬತ್ತೆ ಅಂತ ಹುಡುಕ್ಬೇಕು. ಕಡಲೆ, ಅಲಸಂದೆ, ಅವರೆ ಇವುಗಳಲ್ಲಿ ನಮ್ಮ ಹೊಟ್ಟೆ ಅರಗಿಸಲಾಗದ ಸಕ್ಕರೆ ಇದೆ, ಅದು ದೊಡ್ಡ ಕರುಳಿಗೆ ಹೋಗಿ ಹುದುಗಿ ಗ್ಯಾಸ್ ಆಗತ್ತೆ. ಕಾಳು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದ್ರೆ ಎಷ್ಟೋ ಕಡಿಮೆ ಆಗತ್ತೆ. ಆಗ್ಲೂ ಆಗ್ದಿದ್ರೆ ಕೆಲವು ದಿನ ಹೆಸರುಬೇಳೆಗೆ ಬನ್ನಿ, ಬೇಳೆಗಳಲ್ಲಿ ಹಗುರ ಅದೇ. ಈರುಳ್ಳಿ ಬೆಳ್ಳುಳ್ಳಿ ಗೋಧಿನೂ ಕೆಲವರಿಗೆ ಆಗಲ್ಲ, ಒಂದೊಂದೇ ಎರಡು ವಾರ ಬಿಟ್ಟು ನೋಡಿ, ಎಲ್ಲಾ ಒಟ್ಟಿಗೆ ಬಿಟ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ.

ಇಂಗಿನ ಬಗ್ಗೆ ಒಂದು ಮಾತು. ಅಂಗಡಿ ಇಂಗಿನ ಡಬ್ಬೀಲಿ ಪೂರಾ ಇಂಗಿರಲ್ಲ, ಅಫ್ಘಾನಿಸ್ತಾನ ಕಡೆಯಿಂದ ಬರೋ ಅಂಟಿಗೆ ಗೋಧಿ ಹಿಟ್ಟೋ ಮೈದಾನೋ ಸೇರಿಸಿರ್ತಾರೆ. ಗೋಧಿ ಆಗದ ಕಾಯಿಲೆ ಇರೋರು ಡಬ್ಬಿ ತಿರುಗಿಸಿ ಓದಿ, ಅಕ್ಕಿ ಹಿಟ್ಟಿನದ್ದೂ ಸಿಗತ್ತೆ.

ಪುದೀನ ಉಬ್ಬರಕ್ಕೆ ಒಳ್ಳೇದು, ಎದೆ ಉರಿಗೆ ಕೆಟ್ಟದ್ದು. ಅನ್ನನಾಳದ ಕೆಳಗಿನ ಬಾಗಿಲನ್ನ ಅದು ಸಡಿಲ ಮಾಡತ್ತೆ, ಹುಳಿ ಮೇಲೆ ಬರತ್ತೆ. ಎರಡೂ ತೊಂದರೆ ಇರೋರಿಗೆ ಜೀರಿಗೆ ವಾಸಿ.

ಸಾಗರದ ನನ್ನ ಗೆಳತಿ ಮನೇಲಿ ಊಟದ ಶುರುವಿಗೇ ತಂಬುಳಿ. ದೊಡ್ಡಪತ್ರೆ, ಒಂದೆಲಗ, ಮೆಂತ್ಯ, ಶುಂಠಿ, ಹಿತ್ತಲಲ್ಲಿ ಏನು ಚಿಗುರಿದೆಯೋ ಅದು, ಜೀರಿಗೆ ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸೋದು. ಹೊಟ್ಟೆ ನೀರಾದಾಗ ದಾಳಿಂಬೆ ಸಿಪ್ಪೆದು ಮಾಡ್ತಾರೆ, ಒಗರು ಇರತ್ತೆ. ಮಜ್ಜಿಗೆ, ಸೊಪ್ಪು, ಜೀರಿಗೆ ಮೂರೂ ಒಂದೇ ಬಟ್ಟಲಲ್ಲಿ ಬರತ್ತೆ, ಬಿಸಿ ಮಾಡದೇ ಇರೋದ್ರಿಂದ ಬ್ಯಾಕ್ಟೀರಿಯಾನೂ ಉಳಿಯತ್ತೆ, ಮೇಲಿನ ಪಟ್ಟೀಲಿ ನಂಗೆ ತುಂಬಾ ಇಷ್ಟ ಆಗಿದ್ದು ಇದು. ಮಕ್ಕಳಿಗೆ ಭೇದಿ ಆದ್ರೆ ಮಾತ್ರ ತಂಬುಳಿ ಆಮೇಲೆ, ಮೊದ್ಲು ಓಆರ್‌ಎಸ್.

ತ್ರಿಫಲಾ ಮತ್ತು ಚೂರ್ಣದ ಡಬ್ಬಿಗಳು

ತ್ರಿಫಲಾ ಅಂದ್ರೆ ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ ಮೂರರ ಪುಡಿ. ಮೆಲ್ಲಗೆ ಸಲೀಸು ಮಾಡತ್ತೆ, ರಾತ್ರಿ ಅರ್ಧ ಚಮಚ ಬಿಸಿನೀರಲ್ಲಿ ತಗೊಳ್ಳೋರು ಜಾಸ್ತಿ. ಬಸುರಿ, ಬಾಣಂತಿ, ರಕ್ತ ತೆಳು ಮಾಡೋ ಮಾತ್ರೆ ಅಥವಾ ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟರನ್ನೋ ವೈದ್ಯರನ್ನೋ ಕೇಳದೇ ಶುರು ಮಾಡ್ಬೇಡಿ.

ಚೂರ್ಣದ ಡಬ್ಬಿ ಬೇರೆ ವಿಷಯ. ರಾತ್ರಿ ತಗೊಂಡ್ರೆ ಬೆಳಿಗ್ಗೆ ಹೊಟ್ಟೆ ಸಾಫ್ ಅಂತ ಬರೆದಿರೋದ್ರಲ್ಲಿ ಬಹಳಷ್ಟರ ಒಳಗೆ ಸೋನಾಮುಖಿ ಅನ್ನೋ ಗಿಡದ ಎಲೆ ಇರತ್ತೆ, ಲೇಬಲಲ್ಲಿ ಸನಾಯ, ಸೆನ್ನಾ ಅಂತಾನೂ ಬರೀತಾರೆ. ಅದು ಕರುಳಿನ ನರಕ್ಕೆ ಚುಚ್ಚಿ ದೂಡಿಸತ್ತೆ, 6ರಿಂದ 12 ಗಂಟೇಲಿ ಕೆಲಸ ಮಾಡತ್ತೆ, ಹಳೇ ಕಾಲದ ಹರಳೆಣ್ಣೇನೂ ಇದೇ ಜಾತಿ. ಪ್ರಯಾಣ ಆದ ಮೇಲೆ ನಾಲ್ಕು ದಿನ ಕಟ್ಟಿದ್ದಾಗ ಒಂದೆರಡು ಸಲಕ್ಕೆ ಸರಿ. ವಾರದ ಮೇಲೆ ಬೇಕಾಗ್ತಿದೆ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು, ಜಾಸ್ತಿ ತಗೊಂಡ್ರೆ ಹೊಟ್ಟೆ ನುಲಿತ, ಭೇದಿ, ಮೈಯ್ಯಲ್ಲಿ ಪೊಟ್ಯಾಸಿಯಂ ಕಡಿಮೆ. ನೈಸರ್ಗಿಕ ಅಂತ ದೊಡ್ಡದಾಗಿ ಬರೆದಿರತ್ತೆ, ಗಿಡದ್ದು ಅನ್ನೋ ಕಾರಣಕ್ಕೆ ದಿನಾ ತಿನ್ನಬಹುದು ಅಂತಲ್ಲ. ನಾನು ಬಸುರಿ ಇದ್ದಾಗ ಕಬ್ಬಿಣದ ಮಾತ್ರೆಯಿಂದ ತುಂಬಾ ಕಷ್ಟ ಪಟ್ಟಿದ್ದೆ, ಒಂದು ಅಂಗಡೀಲಿ ಏನೂ ಕೇಳದೇ ಇಂತದೇ ಡಬ್ಬಿ ಕೊಟ್ಟಿದ್ರು, ಮನೆಗೆ ಬಂದು ಲೇಬಲ್ ಓದಿದ್ದಕ್ಕೆ ಬಚಾವಾದೆ. ಅವತ್ತಿಂದ ಯಾವ ಡಬ್ಬಿನೂ ಹಿಂದೆ ತಿರುಗಿಸದೇ ತಗೊಳ್ಳಲ್ಲ.

ದುಡ್ಡೇ ಬೇಡದ್ದು

ಬೆಳಿಗ್ಗೆ ಎದ್ದ ಮೇಲೆ ಏನಾದ್ರೂ ಹೊಟ್ಟೆಗೆ ಬಿದ್ರೆ ದೊಡ್ಡ ಕರುಳು ತಾನಾಗೇ ಚಲಿಸತ್ತೆ, ದಿನದಲ್ಲಿ ಅದು ಜೋರಾಗಿ ಇರೋದು ಆ ಹೊತ್ತಲ್ಲೇ. ಬಿಸಿನೀರೋ ಕಾಫಿನೋ ತಿಂಡಿನೋ ಆದ ಮೇಲೆ ಹತ್ತು ನಿಮಿಷ ಅಲ್ಲಿಗೆ ಅಂತ ಇಡಿ. ಕ್ಯಾಬ್ ಬಂತು, ಸ್ಕೂಲ್ ಬಸ್ ಬಂತು ಅಂತ ದಿನಾ ತಡ್ಕೊಂಡ್ರೆ ಕರುಳು ಕರೆಯೋದೇ ನಿಲ್ಲಿಸತ್ತೆ.

ಕುಕ್ಕರಗಾಲಲ್ಲಿ ಕೂತಾಗ ಗುದದ ಸುತ್ತ ಇರೋ ಒಂದು ಮಾಂಸದ ಪಟ್ಟಿ ಸಡಿಲ ಆಗಿ ದಾರಿ ನೇರ ಆಗತ್ತೆ, ಕಮೋಡ್ ಮೇಲೆ ಕೂತಾಗ ಅದು ಬಾಗಿರತ್ತೆ. ಮಂಡಿ ನೋವಿಗೆ ಕಮೋಡ್ ಹಾಕಿಸ್ಕೊಂಡೋರು ಕಾಲ ಕೆಳಗೆ ಒಂದು ಮುಕ್ಕಾಲು ಅಡಿ ಎತ್ತರದ ಮಣೆ ಇಟ್ಟು, ಮುಂದಕ್ಕೆ ಸ್ವಲ್ಪ ಬಾಗಿದ್ರೆ ಅರ್ಧ ಕಷ್ಟ ಕಡಿಮೆ. ಮೊಬೈಲ್ ಒಳಗೆ ಬೇಡ, ಅರ್ಧ ಗಂಟೆ ಕೂತೇ ಇದ್ರೆ ಮೂಲವ್ಯಾಧಿಗೆ ದಾರಿ.

ಹುಳಿತೇಗು ಎದೆ ಉರಿಗೆ ಮೇಲಿನ ಪುಡಿಗಳಿಗಿಂತ ಹೆಚ್ಚು ಕೆಲಸ ಮಾಡೋದು ಟೈಮು. ಊಟಕ್ಕೂ ಮಲಗೋದಕ್ಕೂ 3 ಗಂಟೆ, ರಾತ್ರಿ ಎಣ್ಣೆ ಖಾರ ಕಡಿಮೆ, ಮಂಚದ ತಲೆ ಕಡೆ ಕಾಲಿಗೆ ಅರ್ಧ ಅಡಿ ಇಟ್ಟಿಗೆ, ಎಡ ಮಗ್ಗುಲು. ದಿಂಬು ಜಾಸ್ತಿ ಮಾಡಿದ್ರೆ ಕತ್ತು ಮಾತ್ರ ಬಗ್ಗತ್ತೆ, ಹೊಟ್ಟೆ ಒತ್ತತ್ತೆ, ಅದು ಬೇಡ. ಊಟ ಆದ ಮೇಲೆ 10-15 ನಿಮಿಷ ನಿಧಾನ ನಡೆದ್ರೆ ಉಬ್ಬರಕ್ಕೂ ಶುಗರಿಗೂ ಒಳ್ಳೇದು. ಗ್ಯಾಸ್ ಮಾತ್ರೆ ಅಂತ ಹೊಟ್ಟೆಯ ಆಮ್ಲ ಕಡಿಮೆ ಮಾಡೋ ಮಾತ್ರೇನ ವರ್ಷಗಟ್ಟಲೆ ಸ್ವಂತಕ್ಕೆ ನುಂಗ್ತಿರೋರು ಒಂದ್ಸಲ ವಿಟಮಿನ್ ಬಿ12 ಚೆಕ್ ಮಾಡಿಸಿ, ಕಡಿಮೆ ಆಗೋ ಸಂಭವ ಇದೆ.

ಹಾಗಾದ್ರೆ ಯಾರಿಗೆ ಯಾವುದು

ಗಟ್ಟಿ ಮಲ, ಮನೇಲಿ ಅಡುಗೆ ಇದೆ ಅಂದ್ರೆ ಒಂದು ಹೊತ್ತು ಅನ್ನದ ಬದಲು ಮುದ್ದೆನೋ ರೊಟ್ಟಿನೋ, ಜೊತೆಗೆ ಸೀಬೆ, ಎರಡು ಮೂರು ವಾರ ನೋಡಿ. ಅಡುಗೆ ಕೈಲಿಲ್ಲ, ಟೂರ್ ಕೆಲಸ, ನೈಟ್ ಶಿಫ್ಟು, ಇಲ್ಲಾ ಹೊರದೇಶದಲ್ಲಿದೀರ, ರಾಗಿ ಸಿಕ್ಕೋದು ಕಷ್ಟ ಅಂದ್ರೆ ಇಸಬ್ಗೋಲ್, ಅಲ್ಲಿನ ಅಂಗಡೀಲಿ ಸಿಲಿಯಮ್ ಅನ್ನೋ ಹೆಸರಲ್ಲಿ ಸಿಗತ್ತೆ. ಕೊಲೆಸ್ಟ್ರಾಲೂ ಇದ್ರೆ ಇಸಬ್ಗೋಲಿಗೇ ನನ್ನ ಓಟು. ಬಸುರಿ ಹೆಂಗಸರಿಗೆ ಊಟದ ನಾರು, ನೀರು, ಸಾಲ್ದಿದ್ರೆ ಡಾಕ್ಟರನ್ನ ಕೇಳಿ ಇಸಬ್ಗೋಲು, ಚೂರ್ಣ ಖಂಡಿತಾ ಬೇಡ. ಉಬ್ಬರ ಮಾತ್ರ ಇದ್ರೆ ಕಾಳಿನ ನೀರು ಚೆಲ್ಲೋದು, ತಂಬುಳಿ, ಜೀರಿಗೆ, ಇಲ್ಲಿ ಇಸಬ್ಗೋಲ್ ಶುರು ಮಾಡಿದ್ರೆ ಮೊದಲ ವಾರ ಇನ್ನೂ ಉಬ್ಬಬಹುದು. ಎದೆ ಉರಿಗೆ ರಾತ್ರಿ ಊಟದ ಟೈಮ್. ಒಂದು ರೂಪಾಯಿನೂ ಖರ್ಚು ಮಾಡೋ ಹಾಗಿಲ್ಲ ಅನ್ನೋರು ಮಣೆ, ಬೆಳಗಿನ ಹತ್ತು ನಿಮಿಷ, ಜರಡಿ ಹಿಡೀದ ಹಿಟ್ಟು, ಇಷ್ಟರಿಂದ ಶುರು ಮಾಡಿ.

ಚಿಕ್ಕಮ್ಮನ ವಿಷಯಕ್ಕೆ ಬಂದ್ರೆ, ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಗಿದ್ದು, ಮಂಡಿ ನೋವಿಗೆ ಕ್ಯಾಲ್ಸಿಯಂ ಶುರು ಮಾಡಿದ್ರು, ಅದೇ ಟೈಮಲ್ಲಿ ಕಮೋಡ್ ಹಾಕ್ಸಿದ್ರು, ಪದೇ ಪದೇ ಎದ್ದು ಹೋಗೋಕೆ ನೋವು ಅಂತ ನೀರು ಕುಡಿಯೋದೂ ಕಡಿಮೆ ಮಾಡಿದ್ರು. ಮೂರೂ ಸೇರಿ ಕಟ್ಟಿಬಿಟ್ಟಿತ್ತು. ಮಣೆ ಇಟ್ರು, ನೀರು ಲೆಕ್ಕಕ್ಕೆ ಒಂದು ಚೊಂಬು ಪಕ್ಕಕ್ಕಿಟ್ಕೊಂಡ್ರು, ಹಿತ್ತಲ ಸೀಬೆ ಗಿಡದಲ್ಲಿ ಹಣ್ಣು ಬಿಟ್ಟಿತ್ತು, ಡಾಕ್ಟರನ್ನ ಕೇಳಿ ಕ್ಯಾಲ್ಸಿಯಂ ಬೇರೆ ತರದ್ದಕ್ಕೆ ಬದಲಾಯಿಸ್ಕೊಂಡ್ರು. ಈಗ ಚೂರ್ಣದ ಡಬ್ಬಿ ಕೇಳ್ತಿಲ್ಲ. ಮೊನ್ನೆ ಮತ್ತೆ ಫೋನ್ ಬಂತು, ಈ ಸಲ ಚಿಕ್ಕಪ್ಪನ ಹುಳಿತೇಗಿಗೆ ಮಜ್ಜಿಗೆ ಕೊಡ್ಲಾ ಜೀರಿಗೆ ಕೊಡ್ಲಾ ಅಂತ. ರಾತ್ರಿ ಊಟ ಎಷ್ಟೊತ್ತಿಗೆ ಚಿಕ್ಕಮ್ಮ ಅಂದೆ. ಧಾರಾವಾಹಿ ಎಲ್ಲಾ ಮುಗಿದ ಮೇಲೆ ಹತ್ತಕ್ಕೆ, ಹತ್ತೂವರೆಗೆ ಮಲಗ್ತಾರೆ ಅಂದ್ರು. ಏಳೂವರೆಗೆ ಬಡಿಸಿ ನೋಡಿ ಅಂದಿದೀನಿ, ಚಿಕ್ಕಪ್ಪ ಇನ್ನೂ ಒಪ್ಪಿಲ್ಲ.